ಒಗ್ಗರಣೆ ಡಬ್ಬಿಯ ಪಾಠ

'ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು' ಎಂದ ಹಿರಿಯರು ಅನುದಾನಕ್ಕೆ ಅರ್ಜಿ ಬರೆದವರಲ್ಲ. ಬರೆದಿದ್ದರೆ ಗಾದೆಗೆ ಮೂರನೆಯ ಪಾದವೊಂದು ಸೇರುತ್ತಿತ್ತು.

ಕನ್ನಡ ಮೇಷ್ಟರೊಬ್ಬರ ಮನೆಯಲ್ಲಿ ಹದಿನೈದು ದಿನಗಳಿಂದ ಊಟದ ಮೇಜು ಊಟಕ್ಕೆ ದೊರೆತಿರಲಿಲ್ಲ. ಎಂಬತ್ತು ದಾಟಿದ ಅಜ್ಜಿಯೊಬ್ಬರ ಬಾಯಲ್ಲಿ ಉಳಿದಿರುವ ಬೀಸುವ ಪದಗಳನ್ನು ಧ್ವನಿಮುದ್ರಿಸಬೇಕೆಂಬುದು ಅವರ ಯೋಜನೆ. ಹಿಂದಿನ ವರ್ಷವೂ ಅರ್ಜಿ ಬರೆದಿದ್ದರು. ಮೇಲಿನವರ ಸಹಿ ಬೀಳುವ ವೇಳೆಗೆ ಗಡುವು ಮೀರಿತ್ತು. ಅರ್ಜಿಯನ್ನು ಮರುವರ್ಷ ಹಾಕಬಹುದು. ಅಜ್ಜಿಯ ವಯಸ್ಸು ಕಾಯುವುದಿಲ್ಲ.

ಈ ಸಲವೂ ಉದ್ದೇಶದ ಹಾಳೆ ಮಗನ ಗಣಿತದ ಪುಸ್ತಕದಲ್ಲಿ ಸಿಕ್ಕಿತು. ಧ್ವನಿಮುದ್ರಕದ ದರಪಟ್ಟಿ ದಿನಸಿ ಚೀಟಿಯೊಡನೆ ಅಂಗಡಿಗೆ ಹೋಗಿಬಂದಿತು. ಕಡೆಗೆ ಅವರ ಪತ್ನಿ ಒಗ್ಗರಣೆ ಡಬ್ಬಿಯನ್ನು ತಂದು ಮುಂದಿಟ್ಟರು.

"ಸಾಸಿವೆಗೊಂದು ಬಟ್ಟಲು, ಜೀರಿಗೆಗೊಂದು ಬಟ್ಟಲು. ಕತ್ತಲಲ್ಲಿ ಕೈ ಹಾಕಿದರೂ ಮೆಂತ್ಯ ಬೇಕೆಂದರೆ ಮೆಂತ್ಯವೇ ಸಿಗುತ್ತದೆ, ನೋಡಿ!"

ಉಪದೇಶ ಫಲಿಸಿತು. ಉದ್ದೇಶ, ಹಿಂದಿನವರ ಕೆಲಸದ ಸಮೀಕ್ಷೆ, ವಿಧಾನ, ಕಾಲಪಟ್ಟಿ, ಆಯವ್ಯಯ, ಪ್ರಮಾಣಪತ್ರ ಎಂದು ಆರು ಕಡತಗಳಾದವು. ಕೊನೆಯ ದಿನದಿಂದ ಹಿಂದಕ್ಕೆಣಿಸಿ ಕ್ಯಾಲೆಂಡರಿನಲ್ಲಿ ಗುರುತು ಬಿದ್ದಿತು: ಅನ್ಯರ ಸಹಿಗೆ ಹತ್ತು ದಿನ, ತಮ್ಮ ಬರವಣಿಗೆಗೆ ಉಳಿದದ್ದು. ಕಡತಗಳನ್ನು ಪಕ್ಕಪಕ್ಕದಲ್ಲಿಟ್ಟಾಗಲೇ ತಿಳಿದದ್ದು, ವಿಧಾನದಲ್ಲಿ ಹಳ್ಳಿಗೆ ಹನ್ನೆರಡು ಭೇಟಿಗಳಿದ್ದರೆ ಆಯವ್ಯಯದಲ್ಲಿ ಎಂಟು ಭೇಟಿಗಳಿಗಷ್ಟೇ ಬಸ್ಸಿನ ಖರ್ಚು! ಹಾಡುವ ಅಜ್ಜಿಗೆ ಸಲ್ಲಬೇಕಾದ ಗೌರವಧನವಂತೂ ಎಲ್ಲಿಯೂ ಇರಲಿಲ್ಲ. ಮೇಷ್ಟರು ನಾಚಿದರು; ಹಾಗೆಯೇ ತಿದ್ದಿದರು.

ಈ ತಪಸ್ಸು ಹೊಸತಲ್ಲ. ಜಮಶೆಟ್‌ಜಿ ಟಾಟಾ ಅವರ ವಿಜ್ಞಾನಮಂದಿರದ ಕನಸಿಗಾಗಿ ಬುರ್ಜೋರ್ಜಿ ಪಾದಶಾ ವಿದೇಶದ ವಿದ್ಯಾಸಂಸ್ಥೆಗಳನ್ನು ಸುತ್ತಿ ಬಂದರು. 1898ರ ಡಿಸೆಂಬರ್ 31ರಂದು ಯೋಜನೆಯ ಕರಡು ಲಾರ್ಡ್ ಕರ್ಜನ್ನರ ಮುಂದೆ ಬಂದಿತು. ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ 371 ಎಕರೆ ನೆಲವನ್ನಿತ್ತಿತು. ಸಂಸ್ಥೆ ಸ್ಥಾಪನೆಯಾದದ್ದು 1909ರಲ್ಲಿ. ಟಾಟಾ 1904ರಲ್ಲೇ ಕಣ್ಮುಚ್ಚಿದ್ದರು. ಬರೆದಿಟ್ಟ ಯೋಜನೆ ಕನಸು ಕಂಡವರಿಗಿಂತ ಹೆಚ್ಚು ಕಾಲ ಬಾಳಿತು. ಆದರೆ ಹಾಡು ಹಾಗಲ್ಲ. ಅದು ಹಾಡುವವರೊಡನೆಯೇ ಹೊರಟುಹೋಗುತ್ತದೆ.

ಗಡುವಿಗೆ ನಾಲ್ಕು ದಿನ ಮೊದಲೇ ಅರ್ಜಿ ಹೋಯಿತು. ಫಲ ತಿಳಿಯಲು ತಿಂಗಳುಗಳು ಬೇಕು. ಮರುದಿನ ಭಾನುವಾರ ಮೇಷ್ಟರು ಜೇಬಿನ ಮೊಬೈಲನ್ನೇ ಧ್ವನಿಮುದ್ರಕವೆಂದು ನಂಬಿ ಹಳ್ಳಿಯ ಬಸ್ಸು ಹತ್ತಿದರು. ಅಜ್ಜಿಯ ಗೌರವಧನಕ್ಕೆಂದು ಪತ್ನಿ ಸಾಸಿವೆ ಡಬ್ಬಿಯ ತಳದಿಂದ ಎರಡು ನೋಟುಗಳನ್ನು ತೆಗೆದುಕೊಟ್ಟಿದ್ದರು. ಆ ಅನುದಾನಕ್ಕೆ ಮಾತ್ರ ಅರ್ಜಿ ಬೇಕಾಗಲಿಲ್ಲ.