ಅವ್ವನಿಗೆ ಗೊತ್ತಿದ್ದ ಇಂಗ್ಲಿಷ್



ನಮ್ಮವ್ವ ಶಾಲೆ ಮೆಟ್ಟಿಲು ಹತ್ತಿದವಳಲ್ಲ. ಆದ್ರೂ ಮೂರು ಇಂಗ್ಲಿಷ್ ಪದ ಗೊತ್ತಿದ್ದವು: ಪೆಂಡಿಂಗ್, ರಿಜೆಕ್ಟ್, ಸ್ಟೇ.

ತಾತನಿಗೆ ಸರ್ಕಾರ ಮಂಜೂರು ಮಾಡಿದ್ದ ಎರಡೆಕರೆ ಬೇರೆಯವರ ಪಾಲಾಗಿತ್ತು. 1978ರ ಪಿಟಿಸಿಎಲ್ ಕಾಯ್ದೆ ಹಿಡ್ಕೊಂಡು ಅದನ್ನ ಬಿಡಿಸೋಕೆ ಕಚೇರಿ ಅಲೆದು ಕಲಿತ ಪದಗಳವು. ಮೂರೂ ಅವಳನ್ನ ಬಾಗಿಲಿಂದಲೇ ವಾಪಸ್ ಕಳಿಸಿದ ಪದಗಳು.

ನಾನು ಹಾಸ್ಟೆಲ್ಲಲ್ಲಿ ಸೋಪು, ಬಿಸ್ಕತ್ತಿನ ಪ್ಯಾಕೆಟ್ ಓದಿ ಇಂಗ್ಲಿಷ್ ಕಲಿತೆ. 'ಶಾಪ್' ಅನ್ನೋಕೆ 'ಸಾಪು' ಅಂದಾಗ ಕ್ಲಾಸೆಲ್ಲ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ಒಂದಿನ ಅವ್ವನ ಜೊತೆ ನಾನೂ ಹೋದೆ. ಗುಮಾಸ್ತ 'ಪೆಂಡಿಂಗ್' ಅಂದ. ನಡುಗ್ತಾ ಹೇಳಿದೆ, 'ಸರ್, ಪ್ಲೀಸ್ ಗಿವ್ ಇಟ್ ಇನ್ ರೈಟಿಂಗ್.' ಆಗ ತಲೆ ಎತ್ತಿ ನೋಡಿದ. ಅವ್ವನಿಗೆ 'ನಿಂತ್ಕೊಳ್ಳೆ' ಅಂದಿದ್ದವ 'ಕೂತ್ಕೊಳ್ಳಿ' ಅಂದ. ಜಮೀನು ಸಿಗಲಿಲ್ಲ, ಹಿಂಬರಹ ಸಿಕ್ತು. ಅದೇ ಮಾತನ್ನ ಅವ್ವ ವರ್ಷಗಟ್ಟಲೆ ಕನ್ನಡದಲ್ಲೇ ಕೇಳಿದ್ದಳು. ಆ ಸಿಟ್ಟು ನನಗಿನ್ನೂ ಆರಿಲ್ಲ.

ಸಾವಿತ್ರಿಬಾಯಿ ಫುಲೆ 1854ರ 'ಕಾವ್ಯಫುಲೆ'ಯಲ್ಲೇ ಇಂಗ್ಲಿಷ್ ಕಲೀರಿ ಅಂತ ಯಾಕೆ ಬರೆದರು ಅನ್ನೋದು ಅವತ್ತು ತಿಳೀತು.

ಈಗ ಕೇರಿ ಮಕ್ಕಳಿಗೆ ಸಂಜೆ ಪಾಠ ಹೇಳ್ತೀನಿ. 'ಗುಡ್ ಮಾರ್ನಿಂಗ್' ಆದ್ಮೇಲೆ ಬಾಯಿಪಾಠ ಮಾಡಿಸೋದು ಎರಡೇ: 'ವಾಟ್ ಈಸ್ ದ ರೀಸನ್?', 'ಅಕ್ನಾಲೆಡ್ಜ್‌ಮೆಂಟ್ ಪ್ಲೀಸ್.' ಆರ್‌ಟಿಐ ಅರ್ಜಿಗೆ 30 ದಿನದಲ್ಲಿ ಉತ್ತರ ಕೊಡಬೇಕು. ಆ ದಿನ ಎಣಿಸೋಕೆ ಸೀಲು ಬಿದ್ದ ಆ ಚೀಟಿನೇ ಆಧಾರ.

ಉಚ್ಚಾರ ತಪ್ಪಾದ್ರೆ ನಮ್ಮಲ್ಲಿ ಯಾರೂ ನಗಲ್ಲ. ಮೊನ್ನೆ ಅವ್ವನೂ ಬಂದು ಹಿಂದೆ ಕೂತಿದ್ದಳು. ನಾಲ್ಕನೇ ಪದ ಕಲಿತಳು: 'ವೈ?'