ಕಾಡುಕತ್ತೆಗಳಿಗೆ ಇರೋದೊಂದೇ ಮನೆ

"ರಜೆ ಹಾಕಿ ಕತ್ತೆ ನೋಡೋಕೆ ಗುಜರಾತಿಗಾ? ಇಲ್ಲೇನು ಕಡಿಮೆ ಇದ್ದಾವಾ?" ಅಂತ ಟೀಮಿನವರು ನಕ್ಕಿದ್ದರು. ಲಿಟಲ್ ರಣ್ ಆಫ್ ಕಛ್‌ನ ಕಾಡುಕತ್ತೆಯನ್ನು ಒಮ್ಮೆ ನೋಡಿದರೆ ಆ ಹೆಸರಲ್ಲಿ ಯಾರನ್ನೂ ಬೈಯೋಕೆ ಮನಸ್ಸು ಬರಲ್ಲ.

ಜನವರಿಯ ಬೆಳಿಗ್ಗೆ ಜೈನಾಬಾದ್‌ನಿಂದ ಜೀಪಿನಲ್ಲಿ ಹೊರಟೆವು. ರಣ್ ಅಂದರೆ ಮರಳುಗಾಡಲ್ಲ. ಬಿರುಕು ಬಿಟ್ಟ ಉಪ್ಪುಮಣ್ಣಿನ ಬಯಲು, ಕಣ್ಣು ಹಾಯುವಷ್ಟು ದೂರವೂ ಚಪ್ಪಟೆ. ಮಳೆಗಾಲದಲ್ಲಿ ಇದೆಲ್ಲ ನೀರು. ಆಗ ತಲೆಯೆತ್ತಿ ನಿಲ್ಲುವ ದಿಬ್ಬಗಳನ್ನು ಅಲ್ಲಿನವರು 'ಬೇಟ್' ಅಂತಾರೆ. ಕತ್ತೆಗಳಿಗೆ ಅವೇ ಆಸರೆ, ಅಲ್ಲೇ ಮೇವು.

ಅಂಥದ್ದೊಂದು ಬೇಟ್ ಪಕ್ಕ ಹನ್ನೊಂದು ಮೇಯುತ್ತಿದ್ದವು. ಮಣ್ಣು ಬಣ್ಣದ ಮೈ, ಬಿಳಿ ಹೊಟ್ಟೆ, ನೆಟ್ಟಗೆ ನಿಂತ ಜೂಲು, ಅಲ್ಲಿಂದ ಬಾಲದವರೆಗೆ ಕಡುಕಂದು ಪಟ್ಟೆ. ತಾಯಿಯ ಮರೆಯಿಂದ ಮರಿಯೊಂದು ಇಣುಕಿತು. ಡ್ರೈವರ್ ಎಂಜಿನ್ ಆಫ್ ಮಾಡಿದ. ಎರಡು ನಿಮಿಷ ನಮ್ಮನ್ನೇ ದಿಟ್ಟಿಸಿ, ಇದ್ದಕ್ಕಿದ್ದಂತೆ ಓಟ ಕಿತ್ತವು. ಗಂಟೆಗೆ 70 ಕಿಲೋಮೀಟರ್‌ವರೆಗೂ ಓಡಬಲ್ಲವಂತೆ.

1960ರ ಆಸುಪಾಸಿನಲ್ಲಿ ಕೀಟಗಳಿಂದ ಹರಡುವ ಸರ್ರಾ, ಆಫ್ರಿಕನ್ ಹಾರ್ಸ್ ಸಿಕ್‌ನೆಸ್ ರೋಗಗಳು ಇವನ್ನು ಹಿಂಡುಹಿಂಡಾಗಿ ಕೊಂದವು. ಆ ದಶಕದ ಕೊನೆಗೆ ಉಳಿದದ್ದು ಕೆಲವೇ ನೂರು. ಆಮೇಲೆ ಸುಮಾರು 5,000 ಚದರ ಕಿಲೋಮೀಟರ್ ಅಭಯಾರಣ್ಯವಾಯಿತು. 2020ರಲ್ಲಿ 6,082 ಇದ್ದವು, 2024ರ ಗಣತಿಯಲ್ಲಿ 7,672. ದೊಡ್ಡ ಗೆಲುವೇ. ಆಫ್ರಿಕಾದಲ್ಲಿ ನಮ್ಮ ಮನೆಕತ್ತೆಯ ಮೂಲವಾದ ಕಾಡುಕತ್ತೆ ಅಳಿವಿನ ಅಂಚಿನಲ್ಲಿದೆ. ಇಥಿಯೋಪಿಯಾ, ಎರಿಟ್ರಿಯಾ ಕಡೆ ಉಳಿದಿರುವ ವಯಸ್ಕ ಪ್ರಾಣಿಗಳು ಹೆಚ್ಚೆಂದರೆ 200 ಅನ್ನುತ್ತಾರೆ.

ಆದರೂ ನನ್ನ ತಲೆಗೆ ಕೆಲಸದ ಚಾಳಿ. ಇಡೀ ಡೇಟಾ ಒಂದೇ ಸರ್ವರ್‌ನಲ್ಲಿ, ಬ್ಯಾಕಪ್ ಇಲ್ಲ ಅಂದರೆ ನಿದ್ದೆ ಬರಲ್ಲ. ಒಂದು ಕಾಲಕ್ಕೆ ಸಿಂಧ್, ಬಲೂಚಿಸ್ತಾನದವರೆಗೆ ಓಡಾಡಿಕೊಂಡಿದ್ದ ಈ ಉಪಜಾತಿ ಈಗ ಉಳಿದಿರುವುದು ಈ ರಣ್ ಮತ್ತು ಸುತ್ತಮುತ್ತ ಮಾತ್ರ. ಅದೇ ಥರದ ರೋಗ ಮತ್ತೆ ಬಂದರೆ? ಸಂಖ್ಯೆ ಹೆಚ್ಚಾದಂತೆ ಕೆಲವು ತಾವಾಗಿಯೇ ಗ್ರೇಟ್ ರಣ್ ಕಡೆಗೆ, ರಾಜಸ್ಥಾನದ ಗಡಿಯತ್ತ ಹೊರಟಿವೆ. ಒಳ್ಳೆಯದೇ. ದಾರಿಯಲ್ಲಿ ಮಾತ್ರ ಹೆದ್ದಾರಿ, ಕಾಲುವೆ, ಹೊಲ.

ಬಯಲಿನ ಅಂಚಿಗೆಲ್ಲ ನಮ್ಮ ಬಳ್ಳಾರಿ ಜಾಲಿಯದೇ ಕಾರುಬಾರು! ಅದರ ಕಾಯಿ ತಿಂದು ಲದ್ದಿಯಲ್ಲಿ ಬೀಜ ಹರಡುವುದರಲ್ಲಿ ಈ ಕತ್ತೆಗಳ ಪಾಲೂ ಇದೆ. ಜಾಲಿ ದಾಟಿದರೆ ಜೀರಿಗೆ ಹೊಲ. ಅಲ್ಲೊಬ್ಬ ರೈತ ಮಂಚದ ಮೇಲೆ ಕಂಬಳಿ ಹೊದ್ದು ಕೂತಿದ್ದ, ಪಕ್ಕದಲ್ಲಿ ಉದ್ದನೆಯ ಟಾರ್ಚ್. ರಾತ್ರಿ ಕತ್ತೆ ನುಗ್ಗದಂತೆ ಕಾವಲು. ಎಷ್ಟು ದಿನದಿಂದ ಅಂತ ಕೇಳಿದೆ. ಬಿತ್ತನೆಯಾದಾಗಿನಿಂದ, ಕೊಯ್ಲಿನವರೆಗೂ ಇದೇ ಕೆಲಸ ಅಂದ.