ಜೋನಿ ಬೆಲ್ಲದ ಬಕೆಟ್ಟು

ಇಲ್ಲಿ ಏನಾದರೂ ಬರೆದು ನಾಲ್ಕು ತಿಂಗಳಾಯ್ತು. ಕಾರಣ ಹೇಳಿದರೆ ನಗ್ತೀರಿ... ತುಕ್ಕು ಕೆರೆಯುತ್ತಿದ್ದೆ. ಶನಿವಾರ, ಭಾನುವಾರ, ಬೆಳಿಗ್ಗೆ ತಿಂಡಿ ತಿಂದು ಹೋದರೆ ಹೆಂಡತಿ ಫೋನ್ ಮಾಡಿ ಬೈಯುವ ತನಕ. ಅದೂ ನನ್ನ ಕಾರಿನದ್ದಲ್ಲ, ಪಕ್ಕದ ಮನೆಯವರದ್ದು!

ಪಕ್ಕದ ಮನೆ ಅಂದರೆ ಇಲ್ಲಿ ಡೆಟ್ರಾಯಿಟ್ ಪಕ್ಕದ ಡಿಯರ್‌ಬಾರ್ನ್‌ನಲ್ಲಿ. ಅಲ್ಲಿರುವವರ ಹೆಸರು ಬೇಡ. ನಾವು ಮನೆಯೊಳಗೆ ಮಸ್ಟಾಂಗಜ್ಜ ಅಂತ ಕರೆಯುತ್ತೇವೆ, ಇಲ್ಲೂ ಹಾಗೇ ಇರಲಿ. ವಯಸ್ಸು ಎಪ್ಪತ್ತು ದಾಟಿದೆ. ಅಜ್ಜನ ಗ್ಯಾರೇಜಿನಲ್ಲಿ 1969ರ ಒಂದು ಫೋರ್ಡ್ ಮಸ್ಟಾಂಗ್ ಇದೆ. ಹಿಂದಕ್ಕೆ ಇಳಿಜಾರಾಗಿ ಹೋಗುವ ಮಾಡು, 351 ಘನ ಇಂಚಿನ ವಿ-8 ಎಂಜಿನ್. ಸುಮಾರು ಐದೂಮುಕ್ಕಾಲು ಲೀಟರ್. ನಮ್ಮ ಮಾರುತಿ 800ರ ಎಂಜಿನ್ ಏಳು ಇಟ್ಟರೂ ಇದಕ್ಕೆ ಸಾಲದು! (ಇಲ್ಲಿನ ಮಡಿವಂತರು ಮಸ್ಟಾಂಗ್ ಮಸಲ್ ಕಾರಲ್ಲ, ಪೋನಿ ಕಾರು ಅಂತ ಜಗಳಕ್ಕೆ ಬರುತ್ತಾರೆ. ನನಗಂತೂ ಅದರ ಸದ್ದು ಕೇಳಿದ ಮೇಲೆ ಆ ಜಗಳ ಬೇಡ ಅನ್ನಿಸಿದೆ.) ವಿಂಡ್‌ಶೀಲ್ಡಿನ ಆಚೆ ಕಾಣುವ ನಂಬರಿನ ಮೊದಲ ಅಂಕೆ 9 ಅಂದರೆ 1969. ಮುಂದಿನ ಅಕ್ಷರ 'ಎಫ್' ಅಂದರೆ ಡಿಯರ್‌ಬಾರ್ನ್ ಕಾರ್ಖಾನೆ. 1964ರಿಂದ 2004ರವರೆಗೆ ಇಲ್ಲಿನ ರೂಜ್ ಕಾರ್ಖಾನೆಯಿಂದ ಮಸ್ಟಾಂಗುಗಳು ಬರುತ್ತಿದ್ದವು. ಅಜ್ಜನ ಅಪ್ಪ ಕೆಲಸ ಮಾಡುತ್ತಿದ್ದದ್ದೂ ಅಲ್ಲೇ. ಎರಡು ವರ್ಷ ಹಳೆಯದಾಗಿದ್ದಾಗ ಈ ಕಾರು ಕೊಂಡರಂತೆ. ಆಮೇಲೆ ಬೇಸಿಗೆ ಚಳಿಗಾಲ ನೋಡದೆ ದಿನಾ ಅದರಲ್ಲೇ ಕೆಲಸಕ್ಕೆ.

ಆ ಚಳಿಗಾಲವೇ ನೋಡಿ ಕಾರಿಗೆ ಯಮ. ಹಿಮ ಬಿದ್ದ ರಸ್ತೆಗೆ ಇಲ್ಲಿ ಉಪ್ಪು ಎರಚುತ್ತಾರೆ. ಉಪ್ಪು ಬಿದ್ದರೆ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ. ಆದರೆ ಅದೇ ಉಪ್ಪುನೀರು ಕಾರಿನ ಹೊಟ್ಟೆಯಡಿಯ ಸಂದಿಗಳಲ್ಲಿ ಸೇರಿ ಕಬ್ಬಿಣ ತಿನ್ನುತ್ತಾ ಕೂರುತ್ತದೆ. ತಮಾಷೆ ಏನು ಗೊತ್ತಾ? ಡೆಟ್ರಾಯಿಟ್ ಊರಿನ ಅಡಿಯಲ್ಲೇ ಸಾವಿರದ ನೂರು ಅಡಿಗೂ ಆಳದಲ್ಲಿ ದೊಡ್ಡ ಉಪ್ಪಿನ ಗಣಿ ಇದೆ. ಮೇಲೆ ಕಾರು ಮಾಡುವ ಊರು, ಕೆಳಗೆ ಆ ಕಾರುಗಳನ್ನು ತಿನ್ನುವ ಉಪ್ಪು!

ನಾನೂ ಉಪ್ಪಿನ ಕಡೆಯವನೇ. ಕುಮಟಾ ತಾಲ್ಲೂಕು, ಸಾಣಿಕಟ್ಟೆಯ ಉಪ್ಪಿನ ಆಗರ ನೋಡುತ್ತಾ ಬೆಳೆದದ್ದು. ನಮ್ಮಲ್ಲಿ ತುಕ್ಕು ಅಂದರೆ ಮನೆ ಮಂದಿ ಇದ್ದ ಹಾಗೆ. ಕಿಟಕಿ ಸರಳು, ಸೈಕಲ್ ರಿಮ್ಮು, ಗೇಟಿನ ಚಿಲಕ ಯಾವುದನ್ನೂ ಬಿಡುವುದಿಲ್ಲ. ಮಳೆಗಾಲಕ್ಕೆ ಮುಂಚೆ ಆಯಿ ಮೆಟ್ಟುಗತ್ತಿ ಉಜ್ಜಿ ತೆಂಗಿನೆಣ್ಣೆ ಸವರುತ್ತಿದ್ದಳು. ಹಾಗಾಗಿ ಅಜ್ಜ "ತುಕ್ಕಿನ ಬಗ್ಗೆ ಏನಾದರೂ ಗೊತ್ತಾ ಮಗೂ?" ಅಂತ ಕೇಳಿದಾಗ (ನನಗೆ ನಲವತ್ತೆರಡು!) ಎದೆಯುಬ್ಬಿಸಿ ಹೂಂ ಅಂದೆ.

ಏನೂ ಗೊತ್ತಿರಲಿಲ್ಲ ಅನ್ನುವುದು ಮೊದಲ ದಿನವೇ ಗೊತ್ತಾಯ್ತು.

ನಾನಂದುಕೊಂಡಿದ್ದು ತುಕ್ಕು ಅಂದರೆ ಮೇಲೆ ಕಾಣುವ ಕೆಂಪು, ಉಜ್ಜಿದರೆ ಹೋಯ್ತು. ಅಜ್ಜ ಒಂದು ಅಯಸ್ಕಾಂತ ಕೊಟ್ಟು ಹಿಂದಿನ ಚಕ್ರದ ಸುತ್ತ ಆಡಿಸಲು ಹೇಳಿದ. ಕೆಲವು ಕಡೆ ಗಟ್ಟಿಯಾಗಿ ಅಂಟಿತು, ಕೆಲವು ಕಡೆ ಜಾರಿ ಬಿತ್ತು. ಬಿದ್ದಲ್ಲೆಲ್ಲಾ ಒಳಗೆ ಕಬ್ಬಿಣವೇ ಇಲ್ಲ, ಯಾರೋ ಯಾವಾಗಲೋ ಮೆತ್ತಿದ ಪುಟ್ಟಿ. ಬಣ್ಣ ಮಾತ್ರ ಫಳಫಳ! ಎರಡು ತಗಡು ಸೇರುವ ಜಾಗ ಇನ್ನೂ ಕೆಟ್ಟದ್ದು. ಕಬ್ಬಿಣ ತುಕ್ಕಾದಾಗ ಗಾತ್ರ ಹಲವು ಪಟ್ಟು ಹಿಗ್ಗುತ್ತದೆ. ಒಳಗಿನಿಂದಲೇ ನೂಕಿ ನೂಕಿ ತಗಡುಗಳನ್ನು ಹಪ್ಪಳದ ಹಾಗೆ ಉಬ್ಬಿಸಿರುತ್ತದೆ.

ಎಲ್ಲಕ್ಕಿಂತ ಮೋಸದ ಜಾಗ ವಿಂಡ್‌ಶೀಲ್ಡಿನ ಕೆಳಗಿರುವ ಕೌಲ್. ಒಳಗೆ ಗಾಳಿ ಹೋಗಲಿ ಅಂತ ಮಾಡಿದ ಪೆಟ್ಟಿಗೆ ಅದು. ಮಳೆನೀರೂ ಅದರೊಳಗೇ ಬಿದ್ದು ಪಕ್ಕದಿಂದ ಹರಿದು ಹೋಗಬೇಕು. ಐವತ್ತು ವರ್ಷ ತರಗೆಲೆ ಬಿದ್ದು ಕೊಳೆತರೆ? ನಮ್ಮ ಹಂಚಿನ ಮನೆಯ ದೋಣಿಯಲ್ಲಿ ಕಸ ಕಟ್ಟಿದ ಹಾಗೆ. ನೀರು ಹೊರಗೆ ಹೋಗುವ ಬದಲು ತೂತು ಕೊರೆದು ಡ್ರೈವರನ ಕಾಲಿನ ಮೇಲೆ ಬೀಳುತ್ತದೆ. ಪೈಪಿನಲ್ಲಿ ನೀರು ಬಿಟ್ಟು ನಾನು ಡ್ಯಾಶ್‌ಬೋರ್ಡಿನ ಅಡಿ ತಲೆ ಹಾಕಿ ನೋಡಿದೆ. ಮುಖಕ್ಕೇ ಬಿತ್ತು.

ಇಡೀ ಬಾಡಿಯನ್ನು ಮರಳು ಹೊಡೆಸುವವರ ಬಳಿ ಒಯ್ದರೆ ಒಂದೇ ದಿನದ ಕೆಲಸವಲ್ಲವೇ ಅಂತ ಕೇಳಿದ್ದೆ. ತೆಳು ತಗಡಿನ ದೊಡ್ಡ ಭಾಗಗಳಿಗೆ, ಬಾನೆಟ್ಟು, ಮಾಡು, ಬಾಗಿಲಿಗೆ, ಮರಳಿನ ಹೊಡೆತ ಬಿದ್ದರೆ ಡೊಂಕಾಗುತ್ತದಂತೆ. ಆಸಿಡ್ ತೊಟ್ಟಿಯಲ್ಲಿ ಮುಳುಗಿಸಿದರೆ ಸಂದಿಯಲ್ಲಿ ಉಳಿದ ಆಸಿಡ್ ಮುಂದೆಂದೋ ಹೊಸ ಬಣ್ಣದ ಕೆಳಗಿನಿಂದ ಹೊರಬರುತ್ತದೆ. ಹಾಗಾಗಿ ದೊಡ್ಡದಕ್ಕೆ ಗ್ರೈಂಡರ್ ಮತ್ತು ತಂತಿ ಬ್ರಷ್ಷು. ಅದೂ ಒಂದೇ ಕಡೆ ಒತ್ತಿ ಹಿಡಿದರೆ ತಗಡು ಕಾದು ಸೊಟ್ಟಗಾಗುತ್ತೆ. ಬ್ರಷ್ಷಿನ ತಂತಿಗಳು ಕಿತ್ತು ಸೂಜಿಯ ಹಾಗೆ ಹಾರಿ ಬರುತ್ತವೆ. ನನ್ನ ದಪ್ಪ ಜಾಕೆಟ್ಟಿನಲ್ಲಿ ಒಂದು ದಿನ ಹನ್ನೊಂದು ಸಿಕ್ಕವು. ಹಳೇ ಬಣ್ಣದಲ್ಲಿ ಸೀಸ ಇರುತ್ತದಾದ್ದರಿಂದ ಮೂಗಿಗೆ ಮಾಸ್ಕ್ ಇಲ್ಲದೆ ಅಜ್ಜ ಒಳಗೆ ಬಿಡುತ್ತಿರಲಿಲ್ಲ. ಇಷ್ಟೆಲ್ಲಾ ಮಾಡಿ ಬೆಳ್ಳಿಯ ಹಾಗೆ ಹೊಳೆಯುವ ತಗಡನ್ನು ಹಾಗೇ ಬಿಟ್ಟು ಮಲಗಿದರೆ ಬೆಳಿಗ್ಗೆ ಮತ್ತೆ ಕೆಂಪು! ಅವತ್ತು ಕೆರೆದದ್ದಕ್ಕೆ ಅವತ್ತೇ ಎಪಾಕ್ಸಿ ಪ್ರೈಮರ್ ಆಗಬೇಕು.

ಸಣ್ಣ ಸಾಮಾನಿಗೆ ಮಾತ್ರ ಅಜ್ಜನದ್ದು ಬೇರೆಯೇ ಮದ್ದು. ದೊಡ್ಡ ಬಕೆಟ್ಟಿನಲ್ಲಿ ಒಂದು ಪಾಲು ಕಾಕಂಬಿ, ಒಂಬತ್ತು ಪಾಲು ನೀರು. ಇಲ್ಲಿ ದನಕರುಗಳ ಮೇವಿಗೆ ಅಂತ ಕ್ಯಾನಿನಲ್ಲಿ ಮಾರುತ್ತಾರೆ. ಅದರೊಳಗೆ ತುಕ್ಕು ಹಿಡಿದದ್ದನ್ನು ಮುಳುಗಿಸಿ ಎರಡು ಮೂರು ವಾರ ಮರೆತುಬಿಡಬೇಕು. ಕಾಕಂಬಿಯಲ್ಲಿರುವ ಅದೇನೋ ತುಕ್ಕನ್ನು ಮಾತ್ರ ಹಿಡಿದು ಎಳೆದುಕೊಳ್ಳುತ್ತದೆ, ಒಳ್ಳೆಯ ಕಬ್ಬಿಣವನ್ನು ಹೆಚ್ಚುಕಮ್ಮಿ ಮುಟ್ಟುವುದಿಲ್ಲ. ಅಲ್ಯೂಮಿನಿಯಂ ಮಾತ್ರ ಹಾಕಬಾರದು, ತಿಂದುಹಾಕುತ್ತದೆ. ಮೇಲೆ ನೊರೆ ಕಟ್ಟಿ ವಾಸನೆ... ಬೇಡ ಬಿಡಿ. ಮೊದಲ ದಿನ ಅಜ್ಜ ಸುರಿಯುವುದನ್ನು ನೋಡಿ ನನಗೆ ಕಂಡದ್ದು ಜೋನಿ ಬೆಲ್ಲ! ಆಯಿಗೆ ಫೋನಿನಲ್ಲಿ ಹೇಳಿದರೆ "ಹಂಗಾರೆ ದೋಸೆಗೆ ಎಂತದಾ?" ಅಂದಳು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಇಲ್ಲಿಯವರೆಗೆ ಬರೆದದ್ದು ಅದನ್ನು ಮುಂದೂಡಲಿಕ್ಕೇ ಅಂತ ಕಾಣುತ್ತದೆ.

ಡ್ರೈವರ್ ಸೀಟಿನ ಕೆಳಗಿನ ಡಾಂಬರು ಕೆರೆಯುತ್ತಿದ್ದಾಗ ಬ್ರಷ್ಷಿಗೆ ರಿವೆಟ್ಟುಗಳು ಸಿಕ್ಕವು. ಇನ್ನೂ ಕೆರೆದರೆ ಅಂಕೆಗಳು! ಹಳೆಯದೊಂದು ನಂಬರ್ ಪ್ಲೇಟು. ನೆಲ ತೂತಾದಾಗ ಅಜ್ಜನ ಅಪ್ಪ ಅದನ್ನೇ ಇಟ್ಟು ರಿವೆಟ್ ಹೊಡೆದು ಮೇಲೆ ಡಾಂಬರು ಬಳಿದಿದ್ದರು. ಒಳಗೆ ಸಿಕ್ಕಿಬಿದ್ದ ತೇವ ಹೊರಗೆ ಹೋಗಲಾರದೆ ಸುತ್ತಲಿನ ನೆಲವನ್ನೆಲ್ಲಾ ತಿಂದಿತ್ತು. ಅಂಗೈಯಗಲದ ತೂತು ಮುಚ್ಚಲು ಹೋಗಿ ಮೊರದಗಲ ಆಗಿತ್ತು. ಅಜ್ಜ ಅಪ್ಪನಿಗೆ ಐದು ನಿಮಿಷ ಬೈದ. ನಾನಿಲ್ಲಿ ಬರೆಯಲಾರದಂಥ ಬೈಗುಳ. ಆಮೇಲೆ ಒಂದೊಂದೇ ರಿವೆಟ್ಟನ್ನು ನಿಧಾನಕ್ಕೆ ಕೊರೆದು ಪ್ಲೇಟು ಬಿಡಿಸಿ, ಬಟ್ಟೆಯಲ್ಲಿ ಒರೆಸಿ, ಮೇಜಿನ ಮೇಲಿಟ್ಟ. ತುಕ್ಕಿನ ನಡುವೆ ಅಲ್ಲಲ್ಲಿ ಹಳೇ ಬಣ್ಣ ಉಳಿದಿತ್ತು.

ಮುಂದಿನ ವಾರ ಅಜ್ಜ ಮಗಳ ಮನೆಗೆ ಹೋಗಿದ್ದ. ನನ್ನ ಹತ್ತಿರ ಗ್ಯಾರೇಜಿನ ಕೀಲಿ ಇತ್ತು. ವಾಪಸು ಬರುವಷ್ಟರಲ್ಲಿ ಪ್ಲೇಟು ಚೊಕ್ಕ ಮಾಡಿ ಖುಷಿಪಡಿಸೋಣ ಅಂತ... ಹೌದು, ಬಕೆಟ್ಟಿಗೆ ಹಾಕಿದೆ.

ಮೂರು ವಾರದ ಮೇಲೆ ತೆಗೆದಾಗ ಚೊಕ್ಕವೇ ಆಗಿತ್ತು. ಬರೀ ಬೂದು ಕಬ್ಬಿಣ. ಬಣ್ಣವನ್ನು ಅಷ್ಟು ವರ್ಷ ಹಿಡಿದುಕೊಂಡಿದ್ದದ್ದು ತುಕ್ಕೇ ಅಂತ ನನಗೇನು ಗೊತ್ತು? ತುಕ್ಕು ಬಿಟ್ಟಾಗ ಬಣ್ಣವೂ ಚಕ್ಕೆ ಚಕ್ಕೆಯಾಗಿ ಬಕೆಟ್ಟಿನ ತಳಕ್ಕೆ ಇಳಿದಿತ್ತು. ಅಜ್ಜ ಕೈಯಲ್ಲಿ ಹಿಡಿದು ನೋಡಿದ. "ನಿನ್ನನ್ನು ಯಾರು ಕೇಳಿದರು?" ಅಂದ. ಅಷ್ಟೇ. ನಾನು ಸಾರಿ ಅಂದದ್ದು ಕೇಳಿಸಿತೋ ಇಲ್ಲವೋ, ದೀಪ ಆರಿಸಿ ಒಳಗೆ ಹೋದ. ಎರಡು ಶನಿವಾರ ಗ್ಯಾರೇಜಿನ ಬಾಗಿಲು ತೆಗೆಯಲಿಲ್ಲ. ನಾನು ಅಡುಗೆ ಮನೆಯ ಕಿಟಕಿಯಿಂದ ಇಣುಕುತ್ತಿದ್ದೆ. ಹೆಂಡತಿ ಕೊಟ್ಟ ಮಜ್ಜಿಗೆ ಹುಳಿಯೂ ಸೇರಲಿಲ್ಲ.

ಮೂರನೇ ಶನಿವಾರ ಗ್ರೈಂಡರ್ ಸದ್ದು ಕೇಳಿ ಚಪ್ಪಲಿ ಮೆಟ್ಟಿ ಓಡಿದೆ. ಅಜ್ಜ ಮಾತಿಲ್ಲದೆ ಮಾಸ್ಕ್ ಚಾಚಿದ. ಪ್ಲೇಟನ್ನು ಕಿಟಕಿಯ ಮೇಲೆ ಮೊಳೆ ಹೊಡೆದು ತೂಗುಹಾಕಿದ್ದ. ಬಣ್ಣ ಹೋದರೂ ಒತ್ತಿದ ಅಂಕೆಗಳು ಉಬ್ಬಾಗಿ ಹಾಗೇ ಇವೆ. ಆದರೆ ಮೂಲೆಗಳಲ್ಲಿ ಆಗಲೇ ಕೆಂಪು ಹೊಸದಾಗಿ ಏಳುತ್ತಿತ್ತು.

"ಎಣ್ಣೆ ಸವರಲಾ?" ಅಂತ ಕೇಳಿದೆ. ಈ ಸಲ ಕೇಳಿದೆ!

"ಬೇಡ. ಇರಲಿ," ಅಂದ.

ಹಳೇ ನೆಲವನ್ನು ಕತ್ತರಿಸಿ ತೆಗೆದಾಯ್ತು. ಹೊಸ ತಗಡು ಬಂದಿದೆ, ಈ ವಾರ ಬೆಸುಗೆ. ಕೌಲಿನ ಬೆಸುಗೆ ಚುಕ್ಕೆಗಳನ್ನು ಒಂದೊಂದಾಗಿ ಕೊರೆದು ಬಿಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ, ಇನ್ನೂ ಮುಕ್ಕಾಲು ಬಾಕಿ. ಬಕೆಟ್ಟಿನಲ್ಲಿ ಈಗ ಬಾಗಿಲಿನ ಕೀಲುಗಳಿವೆ. ಹಾಕಿದ್ದು ಅಜ್ಜನೇ.